ಡಿಕಾಕ್ಷನ್ ಇಳಿಯೋವರೆಗೂ ಇಂಗ್ಲಿಷ್

"ಈ ಸಲ ಒಂದೊಂದು ಮಾತೂ ನಿಜ ಮೇಷ್ಟ್ರೇ. ಆ ಗುಡ್ಡದ ಮೇಲಿರೋ ದೇವರಾಣೆ," ಅಂದೆ.

ಹನುಮಂತನಗರದ ಕಲ್ಲುಬೆಂಚಲ್ಲಿ ನನ್ನ ಪಕ್ಕ ಕೂತಿದ್ದ ರಿಟೈರ್ಡ್ ಮೇಷ್ಟ್ರು ನಕ್ಕರು. "ಹೋದ್ಸಲಾನೂ ಅದೇ ದೇವರು."

"ಹೋದ್ಸಲ ಕೈ ಎತ್ತಿರಲಿಲ್ಲ. ಈಗ ನೋಡಿ, ಎತ್ತಿದೀನಿ."

ನಾನಿರೋದು ಜೆ.ಪಿ. ನಗರ. ದಿನಾ ಬಸ್ ಹತ್ತಿ ಇಲ್ಲಿಗೆ ವಾಕಿಂಗ್ ಬರ್ತೀನಿ. ಇಲ್ಲಿ ಗಾಳಿ ಚೆನ್ನಾಗಿದೆ. ಮೇಷ್ಟ್ರು ಕೇಳೋಕೆ ಸಿಗ್ತಾರೆ. ನಮ್ಮನೇಲಂತೂ ಏನಾದ್ರೂ ಒಂದು ಆಗ್ತಾನೇ ಇರುತ್ತೆ, ನಾನು ಮೇಲೊಂದು ಒಗ್ಗರಣೆ ಹಾಕ್ತೀನಿ, ಅಷ್ಟೇ.

೧. ಮೊದಲನೇ ದಿನ

ದಿನಕ್ಕೆ ಹತ್ತು ನಿಮಿಷ ಇಂಗ್ಲಿಷ್ ಕಲೀರಿ ಅಂತ ಮಗಳು ಫೋನಿಗೊಂದು ಆ್ಯಪ್ ಹಾಕಿಕೊಟ್ಟಳು. ನನ್ನ ಹೆಂಡ್ತಿ ರೂಲ್ಸ್ ಮಾಡಿದ್ಲು: ಬೆಳಗ್ಗೆ ಫಿಲ್ಟರಿಗೆ ನೀರು ಹಾಕಿದಾಗಿಂದ ಡಿಕಾಕ್ಷನ್ ಇಳಿಯೋವರೆಗೂ ಮನೇಲಿ ಬರೀ ಇಂಗ್ಲಿಷ್. ಬಾಯಿ ತಪ್ಪಿ ಕನ್ನಡ ಬಂದ್ರೆ ಕಾಫಿ ಇಲ್ಲ.

ಇಬ್ಬರೂ ಗುಡ್ ಮಾರ್ನಿಂಗ್ ಅಂದ್ವಿ. ಮುಗೀತು ಸ್ಟಾಕು. ಎದುರು ಬದುರು ಕೂತು ಫಿಲ್ಟರ್ ನೋಡ್ತಾ ಇದ್ವಿ. ಮೊಸರಿಗೆ ಹೆಪ್ಪು ಕೇಳೋಕೆ ಬಂದ ಪಕ್ಕದ್ಮನೆಯಾಕೆ ನಮ್ಮ ಮುಖ ನೋಡಿ ಗಾಬರಿ ಆದ್ಲು. "ಏನೇ ಇರ್ಲಿ ಅಂಕಲ್, ಗಂಡ ಹೆಂಡ್ತಿ ಮಾತು ಬಿಡಬಾರದು."

ಕಾಫಿ ಹೋಗುತ್ತಲ್ಲ, ಕನ್ನಡದಲ್ಲಿ ಹೆಂಗೆ ಹೇಳ್ಲಿ? "ನೋ ಪ್ರಾಬ್ಲಮ್, ವೆರಿ ಹ್ಯಾಪಿ" ಅಂದೆ.

ಹೆಪ್ಪನ್ನೂ ಬಿಟ್ಟು ಓಡಿದ್ಲು.

೨. ಜಗಳಕ್ಕೆ ಔಷಧಿ

ಆಮೇಲೆ ನನಗೊಂದು ಉಪಾಯ ಹೊಳೀತು. ಇಂಗ್ಲಿಷಲ್ಲಿ ಅವಳಿಗೆ ಬೈಯೋಕೆ ಬರಲ್ಲ! ಒಂದ್ಸಲ ಜಯನಗರ ಮಾರ್ಕೆಟ್ಟಿಂದ ಬೆಂಡೆಕಾಯಿ ಬದಲು ಒಂದು ಚೀಲ ಹಾಗಲಕಾಯಿ ತಂದಿದ್ದೆ. ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿದ್ದೇ ತಡ, "ಇಂಗ್ಲಿಷ್ ಟೈಮ್!" ಅಂದೆ. ಬಾಯಿ ತೆರೆದಿದ್ದು ಹಾಗೇ ಮುಚ್ಚಿಕೊಳ್ತು. ಎಷ್ಟು ದಿನ ಸುಖವಾಗಿದ್ದೆ ಅಂತೀರಿ!

ಅವಳು ಮಾತ್ರ ಅಡುಗೆಮನೇಲಿ ಫೋನ್ ಇಟ್ಕೊಂಡು ಗುಟ್ಟಾಗಿ ಓದ್ತಾ ಇದ್ಲು. ಮುಂದಿನ ಜಗಳಕ್ಕೆ ನಾನು "ಇಂಗ್ಲಿಷ್..." ಅನ್ನೋಷ್ಟರಲ್ಲೇ ಕೇರ್‌ಲೆಸ್, ಸ್ಟಬರ್ನ್, ಇರ್‌ರೆಸ್ಪಾನ್ಸಿಬಲ್, ಅನ್‌ಬೇರಬಲ್ ಅಂತ ಸುರಿದಳು ನೋಡಿ, ಮೇಲಿನ ಮನೆ ಬಾಡಿಗೆ ಹುಡುಗ್ರು ಬಾಲ್ಕನೀಲಿ ಎದ್ದು ನಿಂತು ಚಪ್ಪಾಳೆ ಹೊಡೆದ್ರು.

"ಚಪ್ಪಾಳೆ?" ಅಂದ್ರು ಮೇಷ್ಟ್ರು.

"ಒಬ್ಬ ವಿಷಲ್ ಹಾಕ್ದ."

"ನೀವೇನಂದ್ರಿ?"

"ಅರ್ಧ ಅರ್ಥ ಆಗ್ಲಿಲ್ಲ. ಥ್ಯಾಂಕ್ಯೂ ಅಂದೆ."

೩. ಎಕ್ಸಲೆಂಟ್

ಅಷ್ಟರಲ್ಲಿ ಮಗಳಿಗೆ ಎರಡನೇ ಹೆರಿಗೆ. ಮೊದಲನೇ ಮಗೂಗೆ ಸ್ಕೂಲ್ ತಪ್ಪುತ್ತೆ ಅಂತ ಮಗಳು ನಮ್ಮನೆಗೆ ಬರ್ಲಿಲ್ಲ, ಬಾಣಂತನಕ್ಕೆ ಇವಳೇ ಹೊರಟಳು. ಇಲ್ಲೇ, ಹನುಮಂತನಗರಕ್ಕೆ. ಅಳಿಯ ನನ್ನನ್ನೂ ಕರೆದ. ಬೀಗಿತ್ತಿ ಬೇರೆ ಇರೋ ಮನೆ, ಅಳಿಯನ ಮನೇಲಿ ಹೋಗಿ ಠಿಕಾಣಿ ಹೂಡೋಕಾಗುತ್ತಾ? ಮರ್ಯಾದೆ ಪ್ರಶ್ನೆ.

ಮರುದಿನ ಬೆಳಗ್ಗೆ ಒಂದೇ ಲೋಟ ತೊಳೆದಿಟ್ಟೆ. ಮಾತಿಗೆ ಯಾರೂ ಇಲ್ಲ, ಆ್ಯಪ್ ತೆಗೆದೆ. ಅದರೊಳಗಿನ ಹೆಂಗಸು ಮನೆ ಬಗ್ಗೆ ಒಂದು ವಾಕ್ಯ ಹೇಳಿ ಅಂದ್ಲು.

"ಮೈ ವೈಫ್ ಈಸ್ ನಾಟ್ ಅಟ್ ಹೋಮ್," ಅಂದೆ.

"ಎಕ್ಸಲೆಂಟ್! ಇನ್ನೊಂದು ಸಲ ಹೇಳಿ."

ಹೇಳ್ದೆ. ಮತ್ತೆ ಎಕ್ಸಲೆಂಟ್, ಟಿಂಗ್ ಅಂತ ಗಂಟೆ, ಸ್ಕ್ರೀನ್ ತುಂಬಾ ಹೂವು. ಹೆಂಡ್ತಿ ಮನೇಲಿಲ್ಲ ಅಂದಿದ್ದಕ್ಕೆ ನನ್ನ ಜನ್ಮದಲ್ಲಿ ಯಾರೂ ಹಂಗೆ ಶಹಬ್ಬಾಸ್ ಅಂದಿರ್ಲಿಲ್ಲ.

ಫೋನ್ ಬೋರಲು ಹಾಕಿದೆ. ಡಿಕಾಕ್ಷನ್ ಇಬ್ಬರಿಗಾಗೋಷ್ಟು ಇಳಿದಿತ್ತು.

೪. ಉಚ್ಚಾರಣೆ

ಆಮೇಲೆ ಪಾಠ ಫೋನಲ್ಲೇ ಶುರು ಮಾಡಿದ್ವಿ. ಅವಳು ಮಗಳ ಮನೇಲಿ ಫಿಲ್ಟರಿಗೆ ನೀರು ಹಾಕಿ ಕಾಲ್ ಮಾಡೋಳು, ನಾನು ನಮ್ಮನೇಲಿ. ಮೇಷ್ಟ್ರೇ, ನೀನಿಲ್ಲದೆ ಬೇಜಾರು ಅಂತ ಕನ್ನಡದಲ್ಲಿ ಹೆಂಡ್ತಿಗೆ ಹೇಳಿದೀರಾ ಯಾವತ್ತಾದ್ರೂ? ನಾಲಿಗೆ ಹೊರಳಲ್ಲ. ಇಂಗ್ಲಿಷಲ್ಲಾದ್ರೆ ಪಾಠ ಅಂತ ಹೇಳಿಬಿಡಬಹುದು.

"ಇವತ್ತಿನ ವಾಕ್ಯ," ಅಂದೆ. "ಐ ಮಿಸ್ ಯೂ."

ಆ ಕಡೆ ಮಗು ಒಂದ್ಸಲ ಕುಂಯ್ ಅಂತು. ಆಮೇಲೆ ಇವಳ ದನಿ, ಮೆತ್ತಗೆ: "ರಿಪೀಟ್."

"ಐ ಮಿಸ್ ಯೂ."

"ಒನ್ ಮೋರ್ ಟೈಮ್. ಪ್ರೊನೌನ್ಸಿಯೇಶನ್ ನಾಟ್ ಕ್ಲಿಯರ್."

ಮೂರನೇ ಸಲ ಜೋರಾಗೇ ಅಂದೆ. "ವೆರಿ ಗುಡ್ ಬೀಗ್ರೇ!" ಅಂದ್ರು ಬೀಗಿತ್ತಿ. ಫೋನ್ ಸ್ಪೀಕರ್ ಮೇಲಿತ್ತು.

೫. ಗಾಳಿ

"ಪಾಪ, ಒಬ್ಬರೇ ಕಷ್ಟ ಅಲ್ವಾ?" ಅಂದ್ರು ಮೇಷ್ಟ್ರು.

"ಅಯ್ಯೋ, ಏನಿಲ್ಲ. ಅಭ್ಯಾಸ ಆಗೋಯ್ತು. ಅವಳ ನೆನಪೇ ಬರಲ್ಲ. ಇಲ್ಲಿಗೆ ಬರೋದು ಬರೀ ಗಾಳಿಗೆ."

"ಗುಡ್ಡಕ್ಕೆ ಬೆನ್ನು ಹಾಕಿ, ದಿನಾ ಆ ಎದುರುಮನೆ ಮಹಡೀನೇ ನೋಡ್ತಾ ಕೂತಿರ್ತೀರಿ. ಗಾಳಿ ಅಲ್ಲಿಂದ ಬರುತ್ತಾ?"

ನಾನು ಬಾಯಿ ಬಿಡೋಕೆ ಮುಂಚೆ ಆ ಮಹಡೀಲಿ ಮಗೂನ ಬಟ್ಟೆ ಒಣಹಾಕ್ತಿದ್ದ ಹೆಂಗಸು ಬಗ್ಗಿ ಕೂಗಿದ್ಲು. "ರೀ! ಡಿಕಾಕ್ಷನ್ ಈಸ್ ರೆಡಿ! ಮರ್ಯಾದೆ ಲೀವ್ ದೇರ್, ಕಮ್ ಇನ್‌ಸೈಡ್!"

ಮೇಷ್ಟ್ರು ನನ್ನ ಕಡೆ ತಿರುಗಿದ್ರು. "ಯಾರು ಅವರು?"

"ಯಾರೋ ಪಾಪ. ಈ ಗುಡ್ಡದಾಣೆ, ನಾನು ನೋಡೇ ಇಲ್ಲ."

"ಸರಿ," ಅಂದ್ರು ಮೇಷ್ಟ್ರು. "ಮತ್ತೆ ಆಗ್ಲೇ ನನ್ನ ಚಪ್ಪಲಿ ಹಾಕ್ಕೊಂಡು ಎಲ್ಲಿಗೆ ಹೊರಟ್ರಿ?"