ಟಾಯರ್ ಅಂಗಡಿಯವರ ಮುಯ್ಯಿ

ನೀಲಗಂಗಮ್ಮ: ಹಂಗಾದ್ರ ಆ ಟಾಯರ್ ಅಂಗಡಿಯವ್ರು ನಮಗ ಏನಾಗಬೇಕು? ಅಷ್ಟ ಹೇಳ್ರಿ ಸಾಕು.

ವಿರೂಪಣ್ಣ: ಏನೂ ಆಗಬೇಕಿಲ್ಲ ನೀಲಾ. ನಮ್ಮನ್ನ ಹೊಗಳ್ಯಾರ, ಅಷ್ಟ.

ನೀಲಗಂಗಮ್ಮ: ಯಾಕ ಹೊಗಳ್ಯಾರ? ನಮ್ಮ ರೊಟ್ಟಿ ಗಾಲಿಗಿ ಹಾಕ್ಕೊಂಡು ಓಡಿಸಿ ನೋಡ್ಯಾರೇನು?

ರಾಯಚೂರಿನ ‘ನೀಲಗಂಗಮ್ಮ ಖಡಕ್ ರೊಟ್ಟಿ ಕೇಂದ್ರ’ಕ್ಕೆ ಬೆಳಗಿನಿಂದ ಬಂದ ಫೋನುಗಳೆಲ್ಲ ಒಂದೇ ಥರದವು. ಒಬ್ಬ ಲಾರಿ ಟಾಯರಿನ ರೇಟು ಕೇಳಿದ. ಇನ್ನೊಬ್ಬ ಕೂದಲು ಬರುವ ಎಣ್ಣೆಯನ್ನು ದಿನಕ್ಕೆ ಎಷ್ಟು ಸಲ ಹಚ್ಚಬೇಕೆಂದು ಕೇಳಿದ. ಪಾಪ, ವಿರೂಪಣ್ಣ ಅವನಿಗೆ ಏನಂತ ಹೇಳಿಯಾನು? ಅವನದೇ ತಲೆ ಅಂಗೈಯಷ್ಟು ನುಣ್ಣಗಿತ್ತು. ರೊಟ್ಟಿ ಕೇಳಿದ ಪುಣ್ಯಾತ್ಮ ಮಾತ್ರ ಒಬ್ಬನೂ ಇಲ್ಲ.

ಹೆಂಡತಿ ಹಿಟ್ಟು ನಾದುವುದು, ಗಂಡ ಮಾತು ನಾದುವುದು, ಇದು ಆ ಮನೆಯ ಕೆಲಸದ ಹಂಚಿಕೆ. ಇಷ್ಟು ದಿನ ಹೇಗೋ ನಡೆದಿತ್ತು. ಹೋದ ತಿಂಗಳವರೆಗೂ ಫೋನಿನಲ್ಲಿ ‘ರಾಯಚೂರು ರೊಟ್ಟಿ’ ಎಂದು ಹುಡುಕಿದರೆ ಮೊದಲು ಬರುತ್ತಿದ್ದುದು ಇವರ ಅಂಗಡಿಯೇ. ಈಗ ಬೆರಳು ಸವೆಯುವಷ್ಟು ಸರಿಸಿದರೂ ಸುಳಿವಿಲ್ಲ. ಅದೂ ಯಾವತ್ತು? ಹೈದರಾಬಾದಿನ ದೊಡ್ಡ ಹೋಟೆಲಿನವರು ಫೋನಿನಲ್ಲಿ ಹುಡುಕಿ, ಸಿಕ್ಕವರಿಗೆ ವರ್ಷಪೂರ್ತಿಯ ಆರ್ಡರ್ ಕೊಡುವ ದಿನ! ಅಲ್ಲಿನ ಅಕ್ಕಿ ವ್ಯಾಪಾರಿ ಗೆಳೆಯನೊಬ್ಬ ಗುಟ್ಟಾಗಿ ತಿಳಿಸಿದ್ದ, ಸಂಜೆಯೊಳಗೆ ಫೋನು ಬರುತ್ತದೆ ಎಂದು.

ಆ ಆರ್ಡರ್ ಬಂದರೆ ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದ ತಿಮ್ಮವ್ವ, ರೇಣುಕಮ್ಮ, ಶೇಖಮ್ಮ ಮೂವರಿಗೂ ವರ್ಷವಿಡೀ ಕೆಲಸ. ಬರದಿದ್ದರೆ ಸೋಮವಾರದಿಂದ ಬರಬೇಡಿ ಎಂದು ನೀಲಗಂಗಮ್ಮ ತನ್ನ ಬಾಯಿಂದಲೇ ಹೇಳಬೇಕು. ಅದನ್ನು ನೆನೆದರೇ ಆಕೆಗೆ ಸಂಕಟ. ಆ ಸಂಕಟ ಗಂಡನ ಕಡೆಗೆ ಬರುವಷ್ಟರಲ್ಲಿ ಸಿಟ್ಟಾಗಿರುತ್ತಿತ್ತು.

ನೀಲಗಂಗಮ್ಮ: ಖರೇ ಹೇಳ್ರಿ. ಏನ್ ಮಾಡೀರಿ ನೀವು?

ವಿರೂಪಣ್ಣ: ನಾ ಏನೂ ಮಾಡಿಲ್ಲ. ನನ್ನ ಕೈ ಸಾಫ್ ಅದ.

ಬಾಗಿಲಲ್ಲಿ ಉದಯಕುಮಾರ ಕಾಣಿಸಿದ್ದು ಸರಿಯಾಗಿ ಆಗಲೇ. ಅಂಗಡಿಗಳನ್ನು ಇಂಟರ್‌ನೆಟ್ಟಿನಲ್ಲಿ ಮೇಲೆ ಹತ್ತಿಸುವುದು ಅವನ ಉದ್ಯೋಗ. ಕೈಯಲ್ಲೊಂದು ಖಾಲಿ ಸ್ಟೀಲ್ ಡಬ್ಬಿ. ವಿರೂಪಣ್ಣ ಕಣ್ಣು ಮಿಟುಕಿಸಿದ, ಕೆಮ್ಮಿದ, ಸೊಳ್ಳೆ ಓಡಿಸುವವನ ಹಾಗೆ ಕೈ ಬೀಸಿದ. ಆ ಮಹಾರಾಯ ಒಂದನ್ನೂ ನೋಡಲಿಲ್ಲ.

ಉದಯಕುಮಾರ: ನಮಸ್ಕಾರ್ರೀ ಯವ್ವಾ. ಡಬ್ಬಿ ವಾಪಸ್ ತಂದೀನಿ. ಈ ಸಲದ ಶೇಂಗಾ ಹಿಂಡಿ ರೊಟ್ಟಿ ಜೋಡಿ ಭಾಳ ಚೊಲೊ ಆಗಿತ್ರಿ.

ನೀಲಗಂಗಮ್ಮ: (ಡಬ್ಬಿಯನ್ನು ತಿರುಗಿಸಿ ನೋಡುತ್ತ) ಇದು ಇಲಿ ಒಯ್ದ ಡಬ್ಬಿ ಅಲ್ಲೇನ್ರೀ?

ವಿರೂಪಣ್ಣ: ಅದರಂಗ... ಕಾಣ್ತದ.

ನೀಲಗಂಗಮ್ಮ: ವಾರಾ ವಾರಾ ರೊಟ್ಟಿ ಇಲಿ ಒಯ್ತು ಅಂದ್ರಿ, ನಂಬಿದೆ. ಹಿಂಡಿ ಒಯ್ತು ಅಂದ್ರಿ, ಅದನ್ನೂ ನಂಬಿದೆ. ಡಬ್ಬಿ ಸಮೇತ ಒಯ್ತು ಅಂದಾಗರ ನನಗ ಬುದ್ಧಿ ಬರಬೇಕಿತ್ತು! ಮ್ಯಾಲ ಬೋನು ಬ್ಯಾರೆ ತಂದು ಇಟ್ಟೆ!

ಉದಯಕುಮಾರ: ನಾ ಇಲಿ ಅಲ್ರೀ ಯವ್ವಾ. ಲಿಂಕ್ ಹಾಕಾಂವ ಅದೀನಿ. ಈ ಡಬ್ಬಿ ನನ್ನ ಪಗಾರ್ರಿ.

ನೀಲಗಂಗಮ್ಮ: ಲಿಂಕ್ ಅಂದ್ರ?

ಉದಯಕುಮಾರ: ಒಬ್ಬರ ವೆಬ್‌ಸೈಟಿನ್ಯಾಗ ಇನ್ನೊಬ್ಬರ ಅಂಗಡಿ ಹೆಸರು ಹಾಕೋದ್ರಿ. ಅದನ್ನ ಒತ್ತಿದ್ರ ಸೀದಾ ನಿಮ್ಮ ಸೈಟಿಗಿ ಬರ್ತಾರ. ಭಾಳ ಮಂದಿ ನಿಮ್ಮ ಹೆಸರು ಹಾಕ್ಯಾರಂದ್ರ, ಇದು ಚೊಲೊ ಅಂಗಡಿ ಅಂತ ಸರ್ಚ್ ಇಂಜಿನ್ ತಿಳಕೋತದ. ಮ್ಯಾಲ ಒಯ್ದು ಕುಂದರಸ್ತದ.

ವಿರೂಪಣ್ಣ: ಮುಯ್ಯಿ ಇದ್ದಂಗ ನೀಲಾ! ಅವರ ಮನಿ ಮದಿವಿಗಿ ನಾವು ಸೀರಿ ಒಯ್ತೀವಿ, ನಮ್ಮ ಮನಿ ಮದಿವಿಗಿ ಅವರು ತರ್ತಾರ. ಅವರು ನಮ್ಮ ಹೆಸರು ಹಾಕಿದ್ರು, ನಾವು ಅವರ ಹೆಸರು ಹಾಕಿದಿವಿ. ಇದರಾಗ ತಪ್ಪೇನದ?

ನೀಲಗಂಗಮ್ಮ: ಮುಯ್ಯಿ ಬೀಗರು ಹಾಕ್ತಾರ, ಓಣ್ಯಾಗಿನವ್ರು ಹಾಕ್ತಾರ. ಗುರುತಿಲ್ಲ ಪರಿಚಯಿಲ್ಲ, ಬಂದವ್ರು ಬಂದಂಗ ಸೀರಿ ಉಡಿಸಿದ್ರ ಉಡಿಸಿಗೊಂತಾರೇನ್ರಿ? ಯಾರ ಯಾರ ಮುಯ್ಯಿ ಹಿಡದೀರಿ?

ವಿರೂಪಣ್ಣ ಉದಯಕುಮಾರನ ಮುಖ ನೋಡಿದ. ಉದಯಕುಮಾರ ಡಬ್ಬಿಯ ಮುಖ ನೋಡಿದ.

ಉದಯಕುಮಾರ: ದೇವದುರ್ಗದ ಬೋರ್‌ವೆಲ್‌ನವ್ರು... ಬ್ರೆಜಿಲ್‌ನ ಟಾಯರ್‌ನವ್ರು... ಕೂದಲೆಣ್ಣಿಯವ್ರು...

ತಿಮ್ಮವ್ವ: (ಒಲೆಯ ಕಡೆಯಿಂದ) ಅಯ್ಯ ಯವ್ವಾ! ಕೂದಲೆಣ್ಣಿಯವ್ರು ರೊಟ್ಟಿ ಹೊಗಳಿದ್ರ, ರೊಟ್ಟ್ಯಾಗ ಕೂದಲ ಸಿಕ್ಕದ ಅಂತ ತಿಳಕೋತಾರ ಮಂದಿ!

ಉದಯಕುಮಾರ: ...ಮತ್ತ ಒಂದು ಇಸ್ಪೀಟಿನ ಸೈಟ್ ಅದ್ರಿ.

ನೀಲಗಂಗಮ್ಮ: ಇಸ್ಪೀಟ? ನಮ್ಮ ಸೈಟಿನ್ಯಾಗ ನನ್ನ ಫೋಟೊ ಅದ!

ಉದಯಕುಮಾರ: ಫೋಟೊದ ಮ್ಯಾಲ ಹಾಕಿಲ್ರೀ ಯವ್ವಾ, ಬಾಜೂಕ ಹಾಕೀನಿ.

ನೀಲಗಂಗಮ್ಮ: ವಿಭೂತಿ ಹಚ್ಚಿಕೊಂಡು, ತಲಿ ಮ್ಯಾಲ ಸೆರಗು ಹೊತ್ತು ಕುಂತೀನೋ ಅದರಾಗ! ನೋಡಿದವ್ರು ಏನಂತಾರ? ಅಡ್ಡಾ ನಡಸಾಕಿ ಈಕೀನ ಅಂತಾರ!

ಶೇಖಮ್ಮ ನಗು ತಡೆಯಲಾರದೆ ಹಂಚಿನ ಮೇಲಿನ ರೊಟ್ಟಿ ಹೊತ್ತಿಸಿದಳು. ವಿರೂಪಣ್ಣನಿಗೆ ನಗುವ ಧೈರ್ಯ ಎಲ್ಲಿಂದ ಬರಬೇಕು? ಅವನು ಟವೆಲಿನಿಂದ ಬೋಳುತಲೆ ಒರೆಸಿಕೊಂಡ.

ವಿರೂಪಣ್ಣ: ಎಲ್ಲಾ ಬರೋಬ್ಬರಿ ನಡದಿತ್ತಲ್ಲೋ ಉದಯಾ. ಈಗೇನಾತು?

ಉದಯಕುಮಾರ: ಮೊನ್ನಿ ಸರ್ಚ್ ಇಂಜಿನ್‌ನವ್ರು ಹೊಸಾ ಅಪ್‌ಡೇಟ್ ಬಿಟ್ಟಾರ್ರಿ. ಸರ್ಚ್ ಈಗ ಶಾಣ್ಯಾ ಆಗ್ಯದ. ಹೊಗಳಿದವ್ರಿಗೂ ರೊಟ್ಟಿಗೂ ಏನರ ಸಂಬಂಧ ಅದೇನು ಅಂತ ನೋಡ್ತದ. ಇಲ್ಲ ಅಂದ್ರ, ಇದು ಕೊಟ್ಟು ಹಾಕಿಸಿದ ಹೊಗಳಿಕಿ ಅಂತ ಕೆಳಗ ನೂಕ್ತದ.

ನೀಲಗಂಗಮ್ಮ: ಅಂದ್ರ ಮಷೀನು ಶಾಣ್ಯಾ ಆತು. ನೀವಿಬ್ಬರು ಮಾತ್ರ ಆಗಲಿಲ್ಲ.

ಉದಯಕುಮಾರ: ಒಬ್ಬೊಬ್ಬರಿಗೂ ಹೇಳಿ ಹೆಸರು ತಗಸಬೇಕ್ರಿ. ತಗಸಿದ ಮ್ಯಾಲೂ ಅದಕ್ಕ ಭರೋಸಾ ಬರಾಕ ಭಾಳ ದಿನ ಹಿಡೀತದ.

ನೀಲಗಂಗಮ್ಮ: ಹೈದರಾಬಾದಿನವ್ರು ಸಂಜಿಗಿ ಫೋನ್ ಮಾಡ್ತಾರ! ಹಚ್ಚರಿ ಫೋನು, ಈಗಿಂದೀಗ ಹಚ್ಚರಿ!

ವಿರೂಪಣ್ಣ ದೇವದುರ್ಗದ ಬೋರ್‌ವೆಲ್ ಮಾಲಕ ಪಂಪಾಪತಿಗೆ ಫೋನು ಹಚ್ಚಿದ. ಎಲ್ಲರಿಗೂ ಕೇಳಲೆಂದು ನೀಲಗಂಗಮ್ಮ ಸ್ಪೀಕರ್ ಒತ್ತಿದಳು.

ವಿರೂಪಣ್ಣ: ಸಾವ್ಕಾರ್ರ, ನಿಮ್ಮ ಸೈಟಿನ್ಯಾಗ ನಮ್ಮ ರೊಟ್ಟಿ ಚೊಲೊ ಅಂತ ಹಾಕೀರಲ್ಲ, ಅದನ್ನ ತಗೀರಿ.

ಪಂಪಾಪತಿ: ಯಾಕ್ರೀ, ರೊಟ್ಟಿ ಕೆಟ್ಟಾವೇನು?

ವಿರೂಪಣ್ಣ: ರೊಟ್ಟಿ ಚೊಲೊನ ಅದಾವ್ರಿ. ನೀವು ಚೊಲೊ ಅನ್ನೋದು ಬ್ಯಾಡ.

ಪಂಪಾಪತಿ: ಅಂದ್ರ, ನಾ ಚೊಲೊ ಅಂದ್ರ ನಿಮಗ ಅವಮಾನ!

ವಿರೂಪಣ್ಣ: ಹಂಗಲ್ರೀ... ನಿಮ್ಮ ಹೊಗಳಿಕಿಯಿಂದ ನಮ್ಮ ಮರ್ಯಾದಿ ಹೊಂಟದ.

ಪಂಪಾಪತಿ: ಏನಂದ್ರಿ? ಹಾಕಿದ ಮುಯ್ಯಿ ವಾಪಸ್ ಒಯ್ ಅಂದವ್ರನ್ನ ಇವತ್ತ ನೋಡಿದೆ! ನಮ್ಮ ಮಗಳ ಮದಿವಿಗಿ ಕರದಿದ್ದೆ, ಬರಬ್ಯಾಡ್ರಿ. ಇಡ್ರಿ ಫೋನು!

ನೀಲಗಂಗಮ್ಮ: ಒಂದು ಮನಿ ಕೆಡಿಸಿಗೊಂಡ್ರಿ. ಇನ್ನ ಬ್ರೆಜಿಲ್‌ಗ ಹಚ್ಚರಿ.

ಬ್ರೆಜಿಲ್‌ಗೆ ಯಾವ ಭಾಷೆಯಲ್ಲಿ ಬೇಡಿಕೊಳ್ಳುವುದು? ವಿರೂಪಣ್ಣ ಫೋನು ಕೆಳಗಿಟ್ಟು ಕೂತ. ಒಲೆಯ ಕಡೆ ರೊಟ್ಟಿ ಬಡಿಯುವ ಸದ್ದು ನಿಂತಿತು.

ತಿಮ್ಮವ್ವ: ಹಂಗಾದ್ರ ಸೋಮಾರದಿಂದ ನಾವು ಬರೋದು ಬ್ಯಾಡೇನ್ ಯವ್ವಾ?

ನೀಲಗಂಗಮ್ಮ ಒಲೆಯ ಕಡೆಯಿಂದ ಮುಖ ತಿರುಗಿಸಿದಳು. ವಿರೂಪಣ್ಣನಿಗಂತೂ ನಿಜವಾಗಿ ನಾಚಿಕೆಯಾಯಿತು, ಭೂಮಿ ಬಾಯಿ ಬಿಟ್ಟರೆ ಇಳಿದುಬಿಡಬೇಕು ಅನ್ನಿಸುವಷ್ಟು. ಆಗಲೇ ಫೋನು ಬಡಿದುಕೊಂಡಿತು. ಹೈದರಾಬಾದೇ ಇರಬೇಕೆಂದು ಅವನು ನೆಟ್ಟಗೆ ಎದ್ದು ನಿಂತು, ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ. ಸ್ಪೀಕರಿನಲ್ಲಿ ಅತ್ತಿಗೆಯನ್ನು ಕರೆದದ್ದು ಮಾನ್ವಿಯಲ್ಲಿ ಸಣ್ಣ ರೊಟ್ಟಿ ಅಂಗಡಿ ಇಟ್ಟುಕೊಂಡಿದ್ದ ಅವನ ತಂಗಿ ಉಮಾಶ್ರೀ.

ಉಮಾಶ್ರೀ: ಅಣ್ಣಾ, ವೈನೀಗಿ ಕೊಡು, ಲಗೂನ ಕೊಡು! ವೈನೀ, ಹೈದರಾಬಾದಿನಿಂದ ಯಾರೋ ಹೋಟ್ಲದವ್ರು ಫೋನ್ ಮಾಡಿದ್ರು. ವರ್ಷಾನಗಟ್ಲೆ ರೊಟ್ಟಿ ಬೇಕಂತ!

ವಿರೂಪಣ್ಣ: ನಿನಗ? ನಿನಗ ಸೈಟ್ ಎಲ್ಲದ?

ಉಮಾಶ್ರೀ: ಸೈಟ್ ಎಲ್ಲಿಂದ ಬರಬೇಕಣ್ಣಾ, ಬೋರ್ಡು ಸುದ್ದಾ ಅರ್ಧಾ ಹರದು ಹೋಗ್ಯದ. ವೈನಿ ಪೇಪರ್‌ನವ್ರಿಗಿ ಹೇಳಿದ್ರಲ್ಲ, ಖಡಕ್ ರೊಟ್ಟಿ ಬಡಿಯೋದು ಕಲಿಸಿದಾಕಿ ಮಾನ್ವ್ಯಾಗಿನ ನಮ್ಮ ನಾದಿನಿ ಅಂತ? ಹೋಟ್ಲದವ್ರು ಹುಡುಕಿದ್ರ ಪೇಪರ್‌ನವ್ರ ಸೈಟಿನ್ಯಾಗಿನ ಆ ಸುದ್ದಿ ಎಲ್ಲಾರಕಿಂತ ಮೊದಲ ಬಂತಂತ. ಕೆಳಗ ನನ್ನ ನಂಬರೂ ಇತ್ತಂತ.

ಉದಯಕುಮಾರ: (ಕೈ ಮುಗಿದು) ಖರೇ ಲಿಂಕ್ ಅಂದ್ರ ಇದು ನೋಡ್ರಿ! ನಾ ಇಷ್ಟು ದಿನ ತಿರುಗಿದ್ರೂ ಇಂಥಾದ್ದೊಂದು ಸಿಕ್ಕಿರಲಿಲ್ಲ.

ವಿರೂಪಣ್ಣ: ನೀಲಾ, ನೀನೂ ಲಿಂಕ್ ಹಾಕೀದಿ!

ನೀಲಗಂಗಮ್ಮ: ಲಿಂಕ್ ಪಿಂಕ್ ನನಗ ಗೊತ್ತಿಲ್ಲ. ಕಲಿಸಿದ್ಲು, ಕಲಿಸಿದ್ಲು ಅಂದೆ.

ಉಮಾಶ್ರೀ: ವೈನೀ, ಅಷ್ಟು ರೊಟ್ಟಿ ನನ್ನೊಬ್ಬಾಕಿ ಕೈಲೆ ಆಗೂದಿಲ್ಲ. ನಮ್ಮ ವೈನಿ ಹಂತ್ಯಾಕ ಕೈ ಪಳಗಿದ ಹೆಣ್ಣುಮಕ್ಕಳು ಅದಾರ, ಅವರೂ ಬಡೀತಾರ ಅಂತ ನಿಮ್ಮನ್ನ ಕೇಳಲಾರದ ಹೇಳಿಬಿಟ್ಟೀನಿ. ತಪ್ಪಾತೇನ್ರಿ?

ನೀಲಗಂಗಮ್ಮ: ನಿನ್ನ ಹೊಟ್ಟಿ ತಣ್ಣಗಿರಲಿ, ನಮ್ಮವ್ವ! ತಿಮ್ಮವ್ವಾ, ಕೇಳಿದೇನ? ಸೋಮಾರ ಅಷ್ಟ ಅಲ್ಲ, ಐತಾರನೂ ಬರ್ರಿ!

ಒಲೆಯ ಕಡೆ ರೊಟ್ಟಿ ಬಡಿಯುವ ಸದ್ದು ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ. ನೀಲಗಂಗಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡು, ಹೊಗೆ ಹೊಗೆ ಎಂದಳು.

ಉಮಾಶ್ರೀ: ಒಂದ ಮಾತು ವೈನೀ. ನಮ್ಮಣ್ಣನ್ನ ಕಂಪ್ಯೂಟರ್ ಹಂತ್ಯಾಕ ಬಿಡಬ್ಯಾಡ್ರಿ.

ವಿರೂಪಣ್ಣ ಎದೆಯ ಮೇಲೆ ಕೈಯಿಟ್ಟು ಆಣೆ ಮಾಡಿದ. ಉದಯಕುಮಾರನನ್ನು ಕಳಿಸಿಬರುತ್ತೇನೆಂದು ಬಾಗಿಲವರೆಗೆ ಹೋದ. ಅಲ್ಲಿ ಅತ್ತ ಇತ್ತ ನೋಡಿ ದನಿ ತಗ್ಗಿಸಿದ.

ವಿರೂಪಣ್ಣ: ಉದಯಾ, ನಮ್ಮ ಉಮಾನ ಹೆಸರು ಇನ್ನೊಂದಿಷ್ಟು ಕಡೆ ಹಾಕಿದ್ರ ಹೆಂಗ? ಟಾಯರ್‌ನವ್ರು ಬ್ಯಾಡಪಾ. ಟ್ರ್ಯಾಕ್ಟರ್‌ನವ್ರು?

ಉದಯಕುಮಾರ: ಹಾಕೂಣಂತ್ರಿ. ಆ ಡಬ್ಬಿ ಒಂದು ತುಂಬಿಸಿ ಕೊಟ್ರ...

ನೀಲಗಂಗಮ್ಮ: (ಒಳಗಿನಿಂದ) ತಿಮ್ಮವ್ವಾ, ಆ ಬೋನು ತಗೊಂಡು ಬಾ. ಬಾಗಲದಾಗ ಇಲಿ ಮಾತಾಡಾಕತ್ತಾವ!