ಗುರುವಾರದ ಇಪ್ಪತ್ತು ನಿಮಿಷಗಳನ್ನು ಕೋರಿ ಕೇಬಲ್ ಕಂಪನಿಗೆ

ಗೆ,
ಮಾನ್ಯ ವ್ಯವಸ್ಥಾಪಕ ನಿರ್ದೇಶಕರು,
ಗಗನಸಿರಿ ಕೇಬಲ್ ನೆಟ್‌ವರ್ಕ್,
ಹಳೇ ಮದ್ರಾಸ್ ರಸ್ತೆ, ಹೊಸಕೋಟೆ.

ಮಾನ್ಯರೇ,

'ಯಂತ್ರಮಿತ್ರ' ಎಂಬ ನಮ್ಮ ಪುಟ್ಟ ತಂತ್ರಜ್ಞಾನ ವಾಹಿನಿಯನ್ನು ತಾವು ಇಡಿಯಾಗಿ ಕೊಂಡುಕೊಂಡಿರುವ ಶುಭ ಸಂದರ್ಭದಲ್ಲಿ ನಂದಗುಡಿ ಹೋಬಳಿಯ ವೀಕ್ಷಕರೆಲ್ಲರ ಪರವಾಗಿ ತಮಗೂ ತಮ್ಮ ಸಂಸ್ಥೆಗೂ ತಮ್ಮ ಕಚೇರಿಯ ಮೇಲಿನ ಆ ದೊಡ್ಡ ಡಿಶ್ ತಟ್ಟೆಗೂ ಹಾರ್ದಿಕ ಅಭಿನಂದನೆಗಳು. ಅಭಿನಂದನೆ ಎರಡು ವಾರ ತಡವಾದುದಕ್ಕೆ ಕ್ಷಮೆ ಇರಲಿ. ಈ ಅವಧಿಯ ಬಹುಪಾಲು ನನ್ನ ಎರಡೂ ಕೈಗಳು ಒಂದು ಹಸುವಿನ ಹಿಂಗಾಲನ್ನು ಹಿಡಿದುಕೊಂಡಿದ್ದುದರಿಂದ ಪೆನ್ನು ಹಿಡಿಯಲು ಮೂರನೆಯ ಕೈ ಉಳಿದಿರಲಿಲ್ಲ.

ನನ್ನ ಪರಿಚಯ ಚಿಕ್ಕದು. ಹೆಸರು ಸಿಂಚನ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾದ ಕೊನೆಯ ವರ್ಷದಲ್ಲಿದ್ದು, ಈವರೆಗೆ ಮುಗಿದಿರುವ ಎಲ್ಲ ಸೆಮಿಸ್ಟರುಗಳಲ್ಲೂ ತರಗತಿಗೆ ಮೊದಲನೆಯವಳಾಗಿದ್ದೇನೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ತಮ್ಮ ಹೆಸರಿನ ಹಿಂದೆ ತಾವು ನಾಲ್ಕು ಬಿರುದುಗಳನ್ನು ಸೇರಿಸಿಕೊಂಡಿರುವಾಗ ನಾನು ಒಂದು ಸ್ಥಾನವನ್ನು ಹೇಳಿಕೊಂಡರೆ ಅತಿಯಾಗದೆಂದು ಭಾವಿಸಿದ್ದೇನೆ. ಆದರೆ ಈ ಪತ್ರದ ವಿಷಯ ನನ್ನ ಅಂಕಪಟ್ಟಿಯಲ್ಲ, ನನ್ನ ಅಜ್ಜಿ ಅಕ್ಕಯಮ್ಮನವರ ಬೆರಳುಗಳು.

ಯಂತ್ರಮಿತ್ರದಲ್ಲಿ ವಾರಕ್ಕೆರಡು ಸಂಜೆ ಆರೂವರೆಗೆ 'ಕಳಚೋಣ, ಕೂಡಿಸೋಣ' ಎಂಬ ಕಾರ್ಯಕ್ರಮ ಬರುತ್ತಿತ್ತು. ತಾವು ಕೊಂಡಿರುವುದರಿಂದ ನೋಡಿರಲಾರಿರಿ, ಆದ್ದರಿಂದ ವಿವರಿಸುತ್ತೇನೆ. ತೂಬಗೆರೆಯ ನರಸಿಂಹಯ್ಯನವರು, ಅಂದರೆ ಮೂವತ್ತೈದು ವರ್ಷ ಪಂಪ್‌ಸೆಟ್ಟು ರಿಪೇರಿ ಮಾಡಿ ಕೈಯ ಗೆರೆಗಳೊಳಗೆ ಗ್ರೀಸು ಶಾಶ್ವತವಾಗಿ ನೆಲೆಸಿರುವ ಹಿರಿಯರು, ಸೋಮವಾರ ಒಂದು ಯಂತ್ರವನ್ನು ಕಳಚಿ ಹಳೆಯ ಟವೆಲಿನ ಮೇಲೆ ಹರಡುತ್ತಿದ್ದರು. ಗುರುವಾರ ಅದನ್ನು ಕೂಡಿಸುತ್ತಿದ್ದರು. ನಡುವೆ ಮೂರು ದಿನ ಏಕೆಂದರೆ, ಅವರದೇ ಮಾತಿನಲ್ಲಿ, "ಬಿಚ್ಚಿದ ತಕ್ಷಣ ಮುಚ್ಚಿದ್ರೆ ಕೈ ಕಲೀತದೆ, ತಲೆ ಕಲಿಯಲ್ಲ. ಮೂರ್ ದಿನ ಕಣ್ಣೆದುರಿಗೆ ಇಟ್ಕೊಂಡು ಯಾವ್ದು ಯಾತಕ್ಕೆ ಅಂತ ಯೋಚ್ನೆ ಮಾಡ್ರಪ್ಪಾ." ಹೀಗೆ ಯೋಚಿಸುತ್ತ ನಮ್ಮ ಹೋಬಳಿ ಎರಡು ವರ್ಷ ಕಳೆದಿತ್ತು. ಮಿಕ್ಸಿ, ಸ್ಟಾರ್ಟರು, ಔಷಧಿ ಹೊಡೆಯುವ ಪಂಪು, ಎಲ್ಲವೂ ಸೋಮವಾರ ಬಿಡಿಯಾಗಿ ಗುರುವಾರ ಇಡಿಯಾಗುತ್ತಿದ್ದವು.

ತಾವು ವಾಹಿನಿಯನ್ನು ಕೊಂಡದ್ದು ಬುಧವಾರ.

ಆ ವಾರದ ಸೋಮವಾರ ಕಳಚಿದ್ದು ಹಾಲು ಕರೆಯುವ ಯಂತ್ರದ ಪಲ್ಸೇಟರನ್ನು. ಮುಷ್ಟಿಗಾತ್ರದ ಈ ಡಬ್ಬಿಯೇ ಕೆಚ್ಚಲನ್ನು ಎಳೆದು-ಬಿಟ್ಟು, ಎಳೆದು-ಬಿಟ್ಟು ಮಾಡುವ ಯಂತ್ರದ ನಾಡಿ. ಚಿಕೂನ್‌ಗುನ್ಯಾ ಬಂದುಹೋದ ಮೇಲೆ ನಮ್ಮ ಅಜ್ಜಿಯ ಬೆರಳ ಗೆಣ್ಣುಗಳು ಮಡಚುವುದಕ್ಕೆ ಒಪ್ಪದಿರುವುದರಿಂದ ಮೂರು ಹಸುಗಳನ್ನು ಕರೆಯುವುದು ಆ ಯಂತ್ರವೇ. ಅದರ ಲಯ ಮಂದವಾಗಿತ್ತು, ಒಳಗೆ ಶುಚಿ ಮಾಡಬೇಕಿತ್ತು. ನಾನು ಸ್ಕ್ರೂಡ್ರೈವರ್ ಹಿಡಿದು ಅನುಮತಿ ಕೇಳಿದಾಗ ಅಜ್ಜಿ ಒಂದು ಕ್ಷಣವೂ ಹಿಂಜರಿಯದೆ, "ಮೂರ್ ದಿನ ತಾನೆ, ಕೈಯಾಗೇ ಕರ್ಕೊಂತೀನಿ ಬಿಡು. ಫಸ್ಟ್ ಬರೋಳು ನೀನು, ಬಿಚ್ಚು ಲೇ" ಎಂದರು. ಬಿಚ್ಚಿದೆ. ಹತ್ತೊಂಬತ್ತು ಬಿಡಿಭಾಗಗಳು ಹೂವಿನಂತೆ ಟವೆಲಿನ ಮೇಲೆ ಅರಳಿದವು.

ಗುರುವಾರ ಸಂಜೆ ಆರೂವರೆಗೆ ನಾನೂ ಅಜ್ಜಿಯೂ ಟವೆಲ್ಲೂ ಟೀವಿಯ ಮುಂದೆ ಸಿದ್ಧರಾಗಿ ಕುಳಿತೆವು. ಪರದೆಯ ಮೇಲೆ ನರಸಿಂಹಯ್ಯನವರ ಬದಲು ತಾವು ದರ್ಶನ ಕೊಟ್ಟಿರಿ. ತಂತ್ರಜ್ಞಾನ ವಾಹಿನಿಯೊಂದನ್ನು ಕೊಂಡ ಸಾಧನೆಗಾಗಿ ತಮಗೆ ನಡೆದ ಸನ್ಮಾನ ಸಮಾರಂಭ ಅದೇ ವಾಹಿನಿಯಲ್ಲಿ ಎರಡು ಗಂಟೆ ಕಾಲ ನೇರ ಪ್ರಸಾರವಾಯಿತು. ತಮ್ಮ ಕೊರಳಿಗೆ ಸೇಬಿನ ಹಾರವನ್ನು ಕ್ರೇನಿನಿಂದ ಇಳಿಸಿದ ದೃಶ್ಯ ಭವ್ಯವಾಗಿತ್ತು. ಅಂದು ಆ ವಾಹಿನಿಯಲ್ಲಿ ಕಂಡ ಏಕೈಕ ಯಂತ್ರ ಆ ಕ್ರೇನು. ಅದನ್ನಾದರೂ ಯಾರಾದರೂ ಕಳಚಿ ತೋರಿಸುವರೇನೋ ಎಂದು ಕೊನೆಯ ಭಾಷಣದವರೆಗೂ ಕಾದೆವು. ಅಜ್ಜಿ ಮಾತ್ರ ಸೇಬುಗಳನ್ನು ದಿಟ್ಟಿಸಿ, "ಅಷ್ಟು ಭಾರಕ್ಕೆ ಪಾಪ ಕತ್ತು ಉಳುಕಾಕಿಲ್ವಾ?" ಎಂದು ತಮ್ಮ ಆರೋಗ್ಯ ವಿಚಾರಿಸಿದರು. ಆ ಕಾಳಜಿಯನ್ನೂ ಈ ಮೂಲಕ ತಲುಪಿಸುತ್ತಿದ್ದೇನೆ.

ಮರುದಿನ ಬೆಳಿಗ್ಗೆ ಡೇರಿಯ ಮುಂದೆ ಕ್ಯಾನು ಹಿಡಿದು ನಿಂತ ಸಾಲಿನಲ್ಲಿ ತಮ್ಮ ಖರೀದಿಗೆ ವ್ಯಕ್ತವಾದ ಅಭಿಪ್ರಾಯಗಳನ್ನು, ಸಂಸ್ಥೆಗಳು ವೀಕ್ಷಕರ ಅನಿಸಿಕೆಗೆ ಬೆಲೆ ಕೊಡುತ್ತವೆಂದು ಕೇಳಿರುವುದರಿಂದ, ಇಲ್ಲಿ ನಿವೇದಿಸುತ್ತೇನೆ. ಹಾಲು ಅಳೆಯುವ ಮುನಿಲಕ್ಷ್ಮಮ್ಮನವರ ಮನೆಯಲ್ಲೂ ಅದೇ ಯಂತ್ರ, ಅದೇ ಸೋಮವಾರ, ಅದೇ ಟವೆಲ್. ಅವರೆಂದದ್ದು: "ಲೇ ಸಿಂಚೂ, ಆ ಚಾನಲ್‌ನೋರು ಬಿಚ್ಚಿಸ್ಬುಟ್ಟು ಓಡೋಗವ್ರೆ ಕಣೇ. ನಮ್ಮನೇಲಿ ಒಂದ್ ನಟ್ಟು ಕೋಳಿ ನುಂಗ್ಬುಡ್ತು. ಐದ್ ಕೋಳಿ ಅವೆ, ಯಾವ್ದು ಅಂತ ಕುಯ್ಲಿ?" ಅಂದಿನ ಲೆಕ್ಕಕ್ಕೆ ನಮ್ಮ ಸುತ್ತಿನಲ್ಲಿ ಹದಿನಾಲ್ಕು ಯಂತ್ರಗಳು ಟವೆಲಿನ ಮೇಲೆ ಮಲಗಿದ್ದವು.

ನಮ್ಮೂರಿನ ಸಂಜೀವಪ್ಪನವರದು ಬೇರೆ ಪ್ರಕರಣ. ಅವರ ಮೇವು ಕತ್ತರಿಸುವ ಯಂತ್ರ ಉಲ್ಟಾ ತಿರುಗುತ್ತಿದ್ದುದರಿಂದ ಅವರು ಯಂತ್ರಮಿತ್ರದ ಸಹಾಯವಾಣಿಗೆ ಕರೆ ಮಾಡಿದರು. ಆ ಸಂಖ್ಯೆಯನ್ನು ತಾವು ಬುಧವಾರದಿಂದ 'ಭಾಗ್ಯ ದರ್ಶನ' ಕಾರ್ಯಕ್ರಮದ ಜ್ಯೋತಿಷಿಗಳಿಗೆ ವಹಿಸಿರುವ ಸಂಗತಿ ಅವರಿಗೆ ತಿಳಿದಿರಲಿಲ್ಲ. ಜ್ಯೋತಿಷಿಗಳು ನಕ್ಷತ್ರ ಕೇಳಿದರು. ಮೋಟರಿಗೆ ನಕ್ಷತ್ರವೂ ಬೇಕಾಗುತ್ತದೆಂದು ನಂಬಿ ಇವರು ಅದನ್ನು ತಂದ ದಿನದ್ದನ್ನು ಹೇಳಿದರು. ಮನೆಯೊಳಗಿನವರೇ ಒಬ್ಬರು ನಿಮಗೆ ತಿರುಗಿಬಿದ್ದಿದ್ದಾರೆ ಎಂಬ ಪರಿಹಾರ ದೊರೆಯಿತು. "ನನ್ ತಮ್ಮನೇ ಕಣಮ್ಮ ಅದು. ಮೊದ್ಲಿಂದ್ಲೂ ಡೌಟಿತ್ತು" ಎಂದ ಸಂಜೀವಪ್ಪನವರು ಅಂದಿನಿಂದ ತಮ್ಮನೊಂದಿಗೆ ಮಾತು ಬಿಟ್ಟರು. ನಾನು ಹೋಗಿ ಮೂರು ಫೇಸಿನ ವೈರುಗಳಲ್ಲಿ ಎರಡನ್ನು ಅದಲುಬದಲು ಮಾಡಿದೆ. ಮೋಟರು ಸರಿಯಾಗಿ ತಿರುಗಿತು. ತಮ್ಮನಿಗೆ ಅಂಥ ವೈರುಗಳು ಇಲ್ಲದಿರುವುದರಿಂದ ಆ ದುರಸ್ತಿ ಬಾಕಿ ಇದೆ.

ತಮ್ಮ ಗ್ರಾಹಕ ಸೇವಾ ಕೇಂದ್ರಕ್ಕೆ ನಾನು ಒಂಬತ್ತು ಸಲ ಕರೆ ಮಾಡಿದೆ. ಎಂಟು ಸಲ ನನ್ನ ಕರೆ ಅತ್ಯಮೂಲ್ಯವೆಂದು ತಿಳಿಸಿ, ಅಮೂಲ್ಯ ವಸ್ತುಗಳಿಗೆ ಯೋಗ್ಯವಾದ ರೀತಿಯಲ್ಲಿಯೇ ಅದನ್ನು ಯಾರೂ ಮುಟ್ಟದ ಕಡೆ ಇಡಲಾಯಿತು. ಒಂಬತ್ತನೆಯ ಸಲ ಸಿಕ್ಕ ಯುವತಿ ಬಹಳ ವಿನಯದಿಂದ, "ಮೇಡಂ, ಗುರುವಾರದ ಎಪಿಸೋಡು ಶೂಟ್ ಆಗಿದೆ, ಆದ್ರೆ ರಿವ್ಯೂನಲ್ಲಿದೆ. ನೀವು ಕೇಳಿದ್ರಿ ಅಂತ ಸೋಮವಾರದ್ದನ್ನ ಮತ್ತೆ ಹಾಕಿಸ್ತೀನಿ" ಎಂದರು. ಕೊಟ್ಟ ಮಾತಿಗೆ ತಪ್ಪದೆ ಹಾಕಿಸಿದರು, ಅದೂ ಒಂದೇ ದಿನ ಮೂರು ಸಲ. ಪರಿಣಾಮವಾಗಿ ಇನ್ನೂ ಹನ್ನೊಂದು ಮನೆಗಳವರು ತಮ್ಮ ಯಂತ್ರಗಳನ್ನು ಕಳಚಿಕೊಂಡರು. ಇಂಥ ವ್ಯಾಪಕ ಪರಿಣಾಮ ಬೀರಿದ ಮರುಪ್ರಸಾರ ಈ ಜಿಲ್ಲೆಯಲ್ಲಿ ಮತ್ತೊಂದಿರಲಾರದು.

ಯಾಕೆ, ಯೂಟ್ಯೂಬ್ ಇಲ್ಲವೇ ಎಂದು ತಾವು ಕೇಳಬಹುದು. ವಾಹಿನಿಯ ಹಳೆಯ ವಿಡಿಯೊಗಳೆಲ್ಲವನ್ನೂ ತಮ್ಮ ಸ್ವತ್ತೆಂದು ತಾವೇ ಅಲ್ಲಿಂದ ತೆಗೆಸಿದ್ದೀರಿ. ಯಂತ್ರದೊಂದಿಗೆ ಬಂದ ಕೈಪಿಡಿ ಟರ್ಕಿ ದೇಶದ ಭಾಷೆಯಲ್ಲಿದೆ. ಆ ಭಾಷೆ ನಮ್ಮ ಪಠ್ಯಕ್ರಮದಲ್ಲಿಲ್ಲ.

ಹಾಗಾದರೆ ತರಗತಿಗೆ ಮೊದಲನೆಯವಳು ತಾನೇ ಕೂಡಿಸಬಾರದಿತ್ತೇ ಎಂಬ ಪ್ರಶ್ನೆಯೂ ನ್ಯಾಯವೇ. ನಾಲ್ಕು ಸಲ ಪ್ರಯತ್ನಿಸಿದೆ. ಹೆಚ್ಚುಕಡಿಮೆ ಒಂದೇ ಅಳತೆಯ ಎರಡು ಸ್ಪ್ರಿಂಗುಗಳಿವೆ, ತ್ರಿವಳಿಗಳಂತೆ ಕಾಣುವ ಮೂರು ರಬ್ಬರ್ ಹಾಳೆಗಳಿವೆ. ಮೂರನೆಯ ಪ್ರಯತ್ನದಲ್ಲಿ ಯಂತ್ರ ಎಳೆಯಿತು, ಬಿಡಲಿಲ್ಲ. ಕೆಂಪಿ ಎಂಬ ನಮ್ಮ ಹಸು ತನ್ನ ಅನಿಸಿಕೆಯನ್ನು ನನ್ನ ಮೊಣಕಾಲಿನ ಮೇಲೆ ದಾಖಲಿಸಿತು. ನಮ್ಮ ತಾಯಿಯವರು ಬೆಳಗಿನ ಜಾವವೇ ಕಾರ್ಖಾನೆಯ ಬಸ್ಸು ಹತ್ತುತ್ತಾರೆ, ನನ್ನ ಕೈಗೆ ಹಸುಗಳು ಹಾಲಿಳಿಸುವುದಿಲ್ಲ. ಹೀಗಾಗಿ ನಾನು ಹಿಂಗಾಲು ಹಿಡಿಯುವುದು, ಅಜ್ಜಿ ಕರೆಯುವುದು ಎಂದಾಗಿ ಅವರ ಮೂರು ದಿನ ಒಂಬತ್ತಾಯಿತು. ಒಂಬತ್ತನೆಯ ದಿನ ಊಟಕ್ಕೆ ಕುಳಿತಾಗ ಅವರು ಮುದ್ದೆಯನ್ನು ಮುರಿಯಲಾಗದೆ ತಟ್ಟೆಯನ್ನು ನನ್ನತ್ತ ಸರಿಸಿ, "ಸ್ವಲ್ಪ ಮುರುದು ಕೊಡೇ" ಎಂದರು. ಬೈದಿದ್ದರೆ ನಾನು ಉತ್ತರ ಕೊಡುತ್ತಿದ್ದೆ; ಉತ್ತರ ಕೊಡುವುದರಲ್ಲಿ ನಾನು ಹಿಂದುಳಿದವಳಲ್ಲ. ಅವರು ಬೈಯಲಿಲ್ಲ.

ಮರುದಿನ ಹತ್ತೊಂಬತ್ತು ಭಾಗಗಳನ್ನು ಊಟದ ಡಬ್ಬಿಯಲ್ಲಿಟ್ಟುಕೊಂಡು, ವಿಜಯಪುರ, ದೇವನಹಳ್ಳಿ, ದೊಡ್ಡಬಳ್ಳಾಪುರಗಳಲ್ಲಿ ಬಸ್ಸು ಬದಲಿಸಿ, ತೂಬಗೆರೆಯಲ್ಲಿ ಇಳಿದು ನರಸಿಂಹಯ್ಯನವರ ಮನೆಯ ಅಂಗಳ ತಲುಪಿದೆ. ಡಬ್ಬಿಯ ಮುಚ್ಚಳ ತೆಗೆದೊಡನೆ ಅವರ ಕೈ ತಾನಾಗಿಯೇ ಮುಂದೆ ಬಂತು, ಅರ್ಧದಲ್ಲೇ ನಿಂತಿತು. ತಮ್ಮ ಸಂಸ್ಥೆ ಅವರಿಂದ ಬರೆಸಿಕೊಂಡ ಒಪ್ಪಂದದಂತೆ ಒಂದು ವರ್ಷ ಕಾಲ ಅವರು ಯಾವುದೇ ಯಂತ್ರದ ಜೋಡಣೆಯನ್ನು ಮೌಖಿಕವಾಗಿ, ಲಿಖಿತವಾಗಿ ಅಥವಾ ಕೈಸನ್ನೆಯ ಮೂಲಕ ಯಾರಿಗೂ ಕಲಿಸುವಂತಿಲ್ಲವಂತೆ. ಅವರು ಎರಡೂ ಕೈಗಳನ್ನು ತೊಡೆಯಡಿ ಇಟ್ಟುಕೊಂಡು ಕಲ್ಲುಬೆಂಚಿನ ಮೇಲೆ ಕುಳಿತರು. "ಹೇಳಂಗಿಲ್ಲ ಕಣಮ್ಮ. ಬರೆಯಂಗಿಲ್ಲ. ಕೈ ಆಡಿಸಂಗಿಲ್ಲ. ಸೈನ್ ಹಾಕ್ಬುಟ್ಟಿದೀನಿ, ಮಾತಿಗೆ ತಪ್ಪೋನಲ್ಲ ನಾನು. ಆದ್ರೆ ಈ ರೋಡಿನ ಧೂಳಿಗೆ ನಂಗೆ ಕೆಮ್ಮು ಜಾಸ್ತಿ. ನಿನ್ ಪಾಡಿಗೆ ನೀನು ಜೋಡಿಸ್ಕೊ."

ನಾನು ಮೊದಲ ಸ್ಪ್ರಿಂಗನ್ನು ಎತ್ತಿಕೊಂಡೆ. ಅವರು ಕೆಮ್ಮಿದರು. ಅದನ್ನಿಟ್ಟು ಎರಡನೆಯದನ್ನು ಎತ್ತಿಕೊಂಡೆ. ಧೂಳು ಕೂಡಲೇ ಅಡಗಿತು.

ಮಾನ್ಯರೇ, ನಾನು ಅನೇಕ ಉಪನ್ಯಾಸಗಳನ್ನು ಕೇಳಿದ್ದೇನೆ, ಅಷ್ಟು ಸ್ಪಷ್ಟವಾದುದನ್ನು ಕೇಳಿಲ್ಲ. ರಬ್ಬರ್ ಹಾಳೆ ತಲೆಕೆಳಗಾದರೆ ಸಣ್ಣ ಕೆಮ್ಮು, ಸ್ಕ್ರೂ ಅತಿಯಾಗಿ ಬಿಗಿದರೆ ಎದೆಯಾಳದ್ದು. ನಡುವೆ ಅವರ ಪತ್ನಿ ನರಸಮ್ಮನವರು ಗಾಬರಿಯಿಂದ ಮೆಣಸಿನ ಕಷಾಯ ತಂದು, "ಬೆಳಗ್ಗೆ ತಂಕ ಗುಂಡುಕಲ್ಲಂಗಿದ್ರಿ, ಈಗೇನ್ ಬಂತು?" ಎಂದು ಕುಡಿಸಿಯೇ ಬಿಟ್ಟರು. ಕಷಾಯದ ಮರ್ಯಾದೆಗಾಗಿ ಹಿರಿಯರು ಐದು ನಿಮಿಷ ಕೆಮ್ಮದೇ ಇದ್ದರು. ಆ ಐದು ನಿಮಿಷದಲ್ಲಿ ನಾನು ಎರಡು ತಪ್ಪು ಮಾಡಿದೆ. ಒಟ್ಟು ಮೂವತ್ತೊಂದು ಕೆಮ್ಮುಗಳಲ್ಲಿ ಪಲ್ಸೇಟರ್ ಮುಚ್ಚಿತು. ಎಲ್ಲದರಲ್ಲೂ ಮೊದಲನೆಯವಳಾದ ನನಗೆ ಆ ಮೂವತ್ತೊಂದು ತಪ್ಪುಗಳು ಹಿತವಾಗಲಿಲ್ಲ. ಆದರೆ ಪ್ರತಿಯೊಂದೂ ಏಕೆ ತಪ್ಪೆಂದು ಈಗ ನನಗೆ ಗೊತ್ತು, ಹಿಂದೆ ಗೊತ್ತಿರಲಿಲ್ಲ. ಒಪ್ಪಂದದ ಆ ಷರತ್ತನ್ನು ನಾನು ಮೂರು ಸಲ ಓದಿದ್ದೇನೆ, ಕೆಮ್ಮಿನ ಪ್ರಸ್ತಾಪ ಅದರಲ್ಲಿಲ್ಲ. ತಮ್ಮ ಕಾನೂನು ವಿಭಾಗ ಅದನ್ನೂ ಕೊಳ್ಳಬಯಸಿದಲ್ಲಿ, ಹಿರಿಯರಿಗೆ ಸೀನೂ ಬರುತ್ತದೆಂಬುದನ್ನು ಮೊದಲೇ ಗಮನಕ್ಕೆ ತರುತ್ತಿದ್ದೇನೆ.

ಮರುದಿನ ಬೆಳಿಗ್ಗೆ ಕೊಟ್ಟಿಗೆಯಲ್ಲಿ ಯಂತ್ರ ಟಕ್ ಟಕ್ ಎಂದು ಲಯಕ್ಕೆ ಬಂದಾಗ ಅಜ್ಜಿ ಗೋಡೆಗೊರಗಿ, ಊದಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ಮೂರೂ ಹಸುಗಳು ಮುಗಿಯುವವರೆಗೆ ಏಳಲಿಲ್ಲ. "ಕೈಗೆ ಕೆಲ್ಸ ಇಲ್ದೆ ಒಂಥರಾ ಆಯ್ತದೆ ಕಣೇ" ಎಂದು ದೂರಿದರು. ಅವರ ಈ ದೂರನ್ನು ಪರಿಹರಿಸುವ ಅಗತ್ಯವಿಲ್ಲ.

ಪರಿಹರಿಸಬೇಕಾದದ್ದು ಉಳಿದ ಇಪ್ಪತ್ತನಾಲ್ಕು ಮನೆಗಳದು. ಆದ್ದರಿಂದ ವಿನಂತಿ: ತಮ್ಮಲ್ಲಿರುವ ಗುರುವಾರದ ಇಪ್ಪತ್ತು ನಿಮಿಷಗಳನ್ನು ದಯವಿಟ್ಟು ಒಮ್ಮೆ ಪ್ರಸಾರ ಮಾಡಿ. ಅದು ಸಾಧ್ಯವಾಗದಿದ್ದರೆ ಸೋಮವಾರವನ್ನು ಹಿಂಪಡೆದು ನಮ್ಮೆಲ್ಲರನ್ನೂ ಭಾನುವಾರಕ್ಕೆ ತಲುಪಿಸಿ. ಅದೂ ಆಗದಿದ್ದರೆ ಬೆಳಿಗ್ಗೆ ಐದಕ್ಕೆ ಕೆಂಪಿಯಂಥ ಹಸುಗಳ ಕಾಲು ಹಿಡಿಯಲು ಜ್ಯೋತಿಷಿಗಳನ್ನೂ, ಜೊತೆಗೆ ಆ ಕ್ರೇನನ್ನೂ ಕಳಿಸಿಕೊಡಿ. ಹಸುವಿನ ಗ್ರಹಗತಿಯನ್ನು ಹತ್ತಿರದಿಂದ ಅರಿಯಲು ಅವರಿಗೂ ಅನುಕೂಲ. ಯಾವುದೂ ಆಗದಿದ್ದರೆ ಬೇಸರವಿಲ್ಲ. ಪ್ರತಿ ಗುರುವಾರ ಸಂಜೆ ಆರೂವರೆಗೆ ಡೇರಿಯ ಜಗುಲಿಯ ಮೇಲೆ ನಾನೇ ಕೂಡಿಸುವುದನ್ನು ಕಲಿಸಲಾರಂಭಿಸಿದ್ದೇನೆ. ತಮ್ಮ ಯಾವ ಒಪ್ಪಂದಕ್ಕೂ ನಾನು ಸಹಿ ಹಾಕಿಲ್ಲವಾದ್ದರಿಂದ ಕೆಮ್ಮುವ ಪ್ರಮೇಯವಿಲ್ಲ. ಬಾಯಿಬಿಟ್ಟು, ಗಟ್ಟಿಯಾಗಿ, ಕೈಸನ್ನೆ ಸಮೇತ ಹೇಳುತ್ತೇನೆ.

ತಮ್ಮ ಏಳಿಗೆಯನ್ನೂ, ತಮ್ಮ ಕುತ್ತಿಗೆಯ ಕ್ಷೇಮವನ್ನೂ ಹಾರೈಸುವ,

ತಮ್ಮ ವಿಶ್ವಾಸಿ,
ಸಿಂಚನ
ನಂದಗುಡಿ ಹೋಬಳಿ, ಹೊಸಕೋಟೆ ತಾಲ್ಲೂಕು

ಮರೆತ ಮಾತು: ಈ ಪತ್ರವನ್ನು ಅಂಚೆಗೆ ಹಾಕುವ ಮುನ್ನ, ನಿನ್ನೆ ಗುರುವಾರ, ಬೆನ್ನಿನ ಮೇಲೆ ತಮ್ಮ ಸಂಸ್ಥೆಯ ಹೆಸರಿರುವ ಅಂಗಿ ತೊಟ್ಟ ಲೈನ್‌ಮನ್ ಮಂಜೇಶ್ ಎಂಬುವರು ಜಗುಲಿಗೆ ಬಂದರು. ಸಂಪರ್ಕ ಕಡಿಯಲು ಬಂದರೆಂದು ಎಲ್ಲರೂ ಎದ್ದು ನಿಂತೆವು. ಅವರು ಚೀಲದಿಂದ ತೆಗೆದದ್ದು ಹದಿನೆಂಟು ಬಿಡಿಭಾಗಗಳನ್ನು. "ಎಂ.ಡಿ. ಸಾಹೇಬ್ರ ತೋಟದ್ದು ಮೇಡಂ. ಸೋಮವಾರದ್ದು ನೋಡ್ಕೊಂಡು ಅವ್ರೇ ಬಿಚ್ಚವ್ರೆ. ಯಾರ್ಗೂ ಹೇಳ್ಬೇಡಿ ಅಂದವ್ರೆ." ಆದ್ದರಿಂದ ಯಾರಿಗೂ ಹೇಳದೆ ತಮಗೇ ಬರೆಯುತ್ತಿದ್ದೇನೆ. ಕೂಡಿಸಿ ಕೊಡುವ ಪದ್ಧತಿ ನಮ್ಮಲ್ಲಿಲ್ಲ, ಕಲಿಸುವುದು ಮಾತ್ರ. ಹಾಗಾಗಿ ಮುಂದಿನ ಗುರುವಾರ ತಾವೇ ಖುದ್ದಾಗಿ ಬರಬೇಕು. ಬರುವಾಗ ಹತ್ತೊಂಬತ್ತನೆಯ ಭಾಗವನ್ನು ತೋಟದಲ್ಲಿ ಹುಡುಕಿ ತನ್ನಿ. ಹಾಗೆಯೇ ಒಂದು ಹಳೆಯ ಟವೆಲ್.