ಆಷಾಢದಲ್ಲಿ ಏರಿದ ಲೋಡು

ಕಾಯಿಲೆ ಬಿದ್ದವರು ನರಳಿದರೆ ನೋಡಿಕೊಳ್ಳುವವರಿಗೆ ಅನುಕೂಲ. ಎಲ್ಲಿ ನೋವು ಅಂತಾದರೂ ತಿಳಿಯುತ್ತದೆ. ನಮ್ಮ ಸರ್ವರ್ ಎಂಬ ಕಂಪ್ಯೂಟರಿಗೆ ಆ ಸೌಜನ್ಯ ಇರಲಿಲ್ಲ. ನನಗೆ ಯಾರ ದನಿ ಬೇಕಾದರೂ ಅನುಕರಿಸಲು ಬರುತ್ತದೆ: ಬಸ್ ಕಂಡಕ್ಟರು, ನಮ್ಮ ಸೋದರತ್ತೆ, ಸಕ್ರೆಬೈಲಿನ ಮಾವುತರು, ಬೇಕೆಂದರೆ ಅವರ ಆನೆ. ಆದರೆ ಬೆಂಗಳೂರಿನ ಯಾವುದೋ ಏಸಿ ಕೋಣೆಯಲ್ಲಿ ಬಾಡಿಗೆಗಿದ್ದು, ನಮ್ಮ ಗಿರಾಕಿಗಳ ವೆಬ್‌ಸೈಟುಗಳನ್ನೆಲ್ಲ ಹೊತ್ತುಕೊಂಡಿದ್ದ ಆ ಯಂತ್ರವನ್ನು ನಾನು ಕಣ್ಣಲ್ಲಿ ಕಂಡವನೂ ಅಲ್ಲ, ಅದರ ದನಿ ಕೇಳಿದವನೂ ಅಲ್ಲ. ಶಿವಮೊಗ್ಗದ ದುರ್ಗಿಗುಡಿಯಲ್ಲಿ, ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ಕೂತು ನಾನು ಅದರ ಆರೋಗ್ಯ ನೋಡಿಕೊಳ್ಳುತ್ತಿದ್ದೆ. ಸಂಬಳ ಅದಕ್ಕೇ ಕೊಡುತ್ತಿದ್ದರು.

ಕೊಡುತ್ತಿದ್ದವರು ಹಾಲೇಶಪ್ಪನವರು. ಮೊದಲು ಲಾರಿ ಆಫೀಸು ನಡೆಸಿದವರು. ಇಂಟರ್ನೆಟ್ ಬಂದಮೇಲೆ ಅದೂ ಒಂಥರಾ ಸಾಗಾಣಿಕೆಯೇ ಎಂದು ಇತ್ತ ತಿರುಗಿದರು. ಏನು ಹೇಳುವುದಿದ್ದರೂ ಮೊದಲೊಮ್ಮೆ ಕೆಮ್ಮುವುದು ಅವರ ರೂಢಿ. ಆ ಆಷಾಢದಲ್ಲಿ ಸೈಟುಗಳು ತೆರೆದುಕೊಳ್ಳದೆ ಬಿಳಿ ಪುಟವಾಗಿ ನಿಂತಾಗ, "ಸರ್ವರಿನ ಲೋಡ್ ಜಾಸ್ತಿ ಆಗಿದೆ ಸಾರ್" ಎಂದೆ. ಅವರು ಕೆಮ್ಮಿ, "ಜಾಸ್ತಿ ಆದ್ರೆ ಇಳಿಸು ಮಾರಾಯ. ಹಮಾಲರನ್ನ ಕರೀಬೇಕೇನು?" ಎಂದರು. ಅಷ್ಟಕ್ಕೆ ಬಿಟ್ಟಿದ್ದರೆ ನಗಬಹುದಿತ್ತು. ನಮ್ಮ ದೊಡ್ಡ ಗಿರಾಕಿ ಒಂದು ಅಡಿಕೆ ಮಂಡಿ. ದಿನದ ಧಾರಣೆ ನೋಡಲು ಆಗುತ್ತಿಲ್ಲವೆಂದು ಮಂಡಿಯವರು, ಈ ವಾರದೊಳಗೆ ಸರಿಹೋಗದಿದ್ದರೆ ಬೇರೆಯವರ ಹತ್ತಿರ ಹೋಗುತ್ತೇವೆಂದು ಹೇಳಿಕಳಿಸಿದ್ದರು. ಹಾಲೇಶಪ್ಪನವರು ಮತ್ತೊಮ್ಮೆ ಕೆಮ್ಮಿದರು. "ಅವರು ಹೋದ್ರೆ ನೀನೂ ಹೊರಡು. ಆಯನೂರಲ್ಲಿ ನನ್ನ ಭಾವಮೈದುನನ ಸಿಮೆಂಟ್ ಅಂಗಡಿ ಇದೆ. ಅಲ್ಲಿ ಲೋಡ್ ಇಳಿಸೋದು ಹೇಗೆ ಅಂತ ಕಲಿಸ್ತಾರೆ."

ನಾನು ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ: ಕೂತಲ್ಲಿಂದಲೇ ಸರ್ವರನ್ನು ಆರಿಸಿ ಮತ್ತೆ ಹಚ್ಚಿದೆ. ಅದು ಒಂದು ಕಾಫಿ ಮುಗಿಯುವಷ್ಟು ಹೊತ್ತು ಚೆನ್ನಾಗಿತ್ತು. ಆಮೇಲೆ ಪರದೆಯ ಮೇಲಿನ ಅಂಕಿಗಳನ್ನು ದಿಟ್ಟಿಸಿದರೆ ವಿಚಿತ್ರ ಕಂಡಿತು. ಲೋಡು ಆಕಾಶದಲ್ಲಿತ್ತು, ಆದರೆ ಸರ್ವರಿನ ಮಿದುಳು ಆರಾಮಾಗಿ ಕೂತಿತ್ತು. ಮದುವೆಮನೆಯಲ್ಲಿ ಅಡುಗೆ ಭಟ್ಟರು ಕೆಲಸ ಮುಗಿಸಿ ಎಲೆ ಅಡಿಕೆ ಹಾಕುತ್ತಿರುತ್ತಾರೆ. ಕೈತೊಳೆಯುವ ಕಡೆ ಇರುವುದೊಂದೇ ನಲ್ಲಿ, ಅಲ್ಲಿ ಜನ ಎಂಜಲು ಕೈ ಎತ್ತಿ ಹಿಡಿದು ಬಾಗಿಲಿನವರೆಗೆ ನಿಂತಿರುತ್ತಾರೆ. ಲೋಡು ಅಂದರೆ ಆ ಸಾಲು. ಭಟ್ಟರನ್ನು ಬೈದು ಪ್ರಯೋಜನವಿಲ್ಲ, ನಲ್ಲಿ ಯಾವುದೆಂದು ಹುಡುಕಬೇಕು.

ಹುಡುಕಿದೆ. ಆ ನಲ್ಲಿ ನಾನೇ ಹಾಕಿಸಿದ್ದು. ಆ ಕಾಲದಲ್ಲಿ ಪುಟದ ಕೆಳಗೆ, ಈವರೆಗೆ ಇಷ್ಟು ಜನ ಬಂದು ನೋಡಿದ್ದಾರೆ ಎಂದು ತೋರಿಸುವ ಕೌಂಟರ್ ಇಲ್ಲದಿದ್ದರೆ ಅದನ್ನು ವೆಬ್‌ಸೈಟು ಎಂದು ಯಾರೂ ಒಪ್ಪುತ್ತಿರಲಿಲ್ಲ. ನಾನು ಎಲ್ಲರ ಸೈಟಿಗೂ ಒಂದೊಂದು ಹಾಕಿ, ಎಲ್ಲದರ ಎಣಿಕೆಯನ್ನೂ ಒಂದೇ ಫೈಲಿನಲ್ಲಿ ಬರೆಸುತ್ತಿದ್ದೆ. ಒಬ್ಬರದು ಬರೆಯುವಾಗ ಮಿಕ್ಕವರೆಲ್ಲ ಕಾಯಬೇಕು. ಆದರೂ ನಮ್ಮ ಸೈಟುಗಳಿಗೆ ಅಷ್ಟೊಂದು ಜನ ಬರುವುದುಂಟೇ? ಸರ್ವರಿನ ದಾಖಲೆ ತೆಗೆದು ನೋಡಿದರೆ, ಬಂದವರೆಲ್ಲ ಭದ್ರಾವತಿಯ ಎರಡೇ ಎರಡು ಸೈಬರ್ ಸೆಂಟರುಗಳಿಂದ ಬರುತ್ತಿದ್ದರು. ನೋಡುತ್ತಿದ್ದುದು ಮುರುಗೇಶ ಮತ್ತು ಸೆಲ್ವರಾಜ ಎಂಬ ಅಣ್ಣತಮ್ಮಂದಿರ ಸೈಟುಗಳನ್ನು. ಇಬ್ಬರದೂ ಮದುವೆ ಬ್ಯಾಂಡ್‌ಸೆಟ್ಟು. ಮೊದಲು ಒಂದೇ ಇತ್ತು. ಪಾಲಾದಾಗ ಡ್ರಮ್ಮು ಅಣ್ಣನಿಗೂ ಟ್ರಂಪೆಟ್ಟು ತಮ್ಮನಿಗೂ ಹೋಗಿ, ಮಿಕ್ಕಿದ್ದನ್ನು ಇಬ್ಬರೂ ಹೊಸದಾಗಿ ಕೊಂಡಿದ್ದರು.

ಅಣ್ಣ ಮುರುಗೇಶನಿಗೆ ಫೋನ್ ಮಾಡಿ, ನಿಮ್ಮ ಸೈಟನ್ನು ಯಾರು ಇಷ್ಟು ನೋಡುತ್ತಿದ್ದಾರೆ ಎಂದು ಕೇಳಿದೆ.

"ನಮ್ಮ ಹುಡುಗರೇ ತಂಬಿ! ಆಷಾಢ ಅಲ್ವಾ, ಮದುವೆ ಇಲ್ಲ, ಸುಮ್ನೆ ಕೂತಿದ್ರು. ಕೂತು ರಿಫ್ರೆಶ್ ಒತ್ರೋ ಅಂದೆ. ಒತ್ತಿದಷ್ಟೂ ನಂಬರ್ ಏರ್ತದೆ. ಆ ಸೆಲ್ವರಾಜಂದು ನಮಗಿಂತ ಮೇಲಿದೆ ನೋಡು. ಕಳ್ಳ ಅವನು, ಹುಡುಗರನ್ನ ಇಟ್ಟು ಒತ್ತಿಸ್ತಾನೆ!"

ಸೆಲ್ವರಾಜನೂ ಇದೇ ಹೇಳಿದ. ಹೆಸರು ಮಾತ್ರ ಬದಲು. ಮದುವೆ ಗೊತ್ತು ಮಾಡುವವರು ಕೌಂಟರ್ ನೋಡಿಯೇ ಬ್ಯಾಂಡು ಕರೆಸುತ್ತಾರೆಂದು ಇಬ್ಬರೂ ನಂಬಿದ್ದರು. ಹಾಗೆಂದು ಅವರಿಗೆ ಹೇಳಿ ಸೈಟು ಮಾರಿದವನು ಯಾರು ಎಂಬುದು ಈಗ ಅಪ್ರಸ್ತುತ.

ಕೌಂಟರ್ ತೆಗೆದರೆ ಇಬ್ಬರೂ ಬಿಟ್ಟುಹೋಗುತ್ತಾರೆ. ಇಟ್ಟರೆ ಮಂಡಿ ಹೋಗುತ್ತದೆ, ಅದರ ಹಿಂದೆ ನಾನು ಆಯನೂರಿನ ಬಸ್ಸು ಹತ್ತುತ್ತೇನೆ. ಹಾಗಾಗಿ ಒಂದು ಕಂಪ್ಯೂಟರಿನಿಂದ ಎಷ್ಟು ಸಲ ಒತ್ತಿದರೂ ಒಂದೇ ಎಂದು ಲೆಕ್ಕವಾಗುವಂತೆ ಮಾಡಿ, ಎಲ್ಲರ ಎಣಿಕೆಯನ್ನೂ ಸೊನ್ನೆಯಿಂದ ಶುರು ಮಾಡಿದೆ. ಬ್ಯಾಂಡಿನವರನ್ನು ಒಪ್ಪಿಸಲು ನನ್ನ ದನಿ ಸಾಲದು. ಹಾಲೇಶಪ್ಪನವರು ಊಟಕ್ಕೆ ಹೋದಾಗ ಅವರದೇ ದನಿಯಲ್ಲಿ ಇಬ್ಬರಿಗೂ ಫೋನ್ ಮಾಡಿ, ಕೆಮ್ಮಿ, "ನೋಡಿ, ಇನ್ಮೇಲೆ ಅವನು ಹುಡುಗರನ್ನ ಇಟ್ಟು ಒತ್ತಿಸಿದ್ದು ಲೆಕ್ಕಕ್ಕೆ ಬರೋದಿಲ್ಲ" ಎಂದೆ. "ಇದು ನ್ಯಾಯ ಸಾರ್! ಇದು ನ್ಯಾಯ!" ಎಂದು ಇಬ್ಬರೂ ಕೂಗಿದರು. ಒತ್ತಿದರೂ ನಂಬರ್ ಏರದ್ದನ್ನು ಕಂಡು ಹುಡುಗರು ಎದ್ದುಹೋದರು, ಸಂಜೆಯ ಹೊತ್ತಿಗೆ ಲೋಡು ಇಳಿದುಹೋಯಿತು. ಮಂಡಿಯ ಪುಟ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯಿತು. ಪರದೆಯ ಮೇಲಿನ ಅಂಕಿಗಳು ಎಷ್ಟು ತೆಪ್ಪಗಿದ್ದವೆಂದರೆ ಹಾಲೇಶಪ್ಪನವರು, "ಸತ್ತಿಲ್ಲ ತಾನೆ?" ಎಂದು ಕೇಳಿದರು.

ಅದೇ ಸರ್ವರಿನ ಮೂಲೆಯಲ್ಲಿ ನನ್ನದೂ ಒಂದು ಪುಟವಿತ್ತು. ಆಫೀಸಿಗೆ ಬರುವವರ ದನಿಗಳನ್ನೆಲ್ಲ, ಹಾಲೇಶಪ್ಪನವರದನ್ನೂ ಸೇರಿಸಿ, ಅನುಕರಿಸಿ, ರೆಕಾರ್ಡ್ ಮಾಡಿ ಹಾಕಿದ್ದೆ. ಅದರ ಕೌಂಟರ್ ಸಾವಿರಗಟ್ಟಲೆ ಓಡಿತ್ತು. ಅರ್ಧ ಶಿವಮೊಗ್ಗ ನನಗೆ ಕಿವಿಗೊಟ್ಟಿದೆ ಎಂದು ಹಿಗ್ಗಿದ್ದೆ. ನನ್ನ ಕಂಪ್ಯೂಟರಿನಲ್ಲಿ ಇಂಟರ್ನೆಟ್ ತೆರೆದರೆ ಮೊದಲು ಬರುವುದೇ ಆ ಪುಟ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಹೊಸ ಎಣಿಕೆ ಶುರುವಾಗಿ ವಾರವಾದರೂ ಅದು ಎರಡರಲ್ಲೇ ನಿಂತಿತ್ತು. ಒಂದು ನಾನು. ಎರಡನೆಯ ಅಭಿಮಾನಿ ಯಾರಿರಬಹುದೆಂದು ಕೂತು ಯೋಚಿಸುತ್ತಿದ್ದಾಗ ಹಾಲೇಶಪ್ಪನವರು ಬಂದು ಹಿಂದೆ ನಿಂತರು. ಕೆಮ್ಮಿದರು.

"ನಿನ್ನ ಪುಟ ಕೇಳ್ದೆ. ಎಲ್ಲಾ ಸರಿ ಇದೆ ಮಾರಾಯ. ಕೆಮ್ಮು ಒಂದು ತಪ್ಪಿದೆ. ನಾನು ಕೆಮ್ಮಿ ಆಮೇಲೆ ಬೈತೀನಿ. ನೀನು ಬೈದು ಆಮೇಲೆ ಕೆಮ್ಮಿದೀಯ."

ಅಂದೇ ತಿದ್ದಿ, ಮತ್ತೆ ರೆಕಾರ್ಡ್ ಮಾಡಿ ಹಾಕಿದೆ. ಆಮೇಲೆ, ಮೂರನೆಯವರು ಯಾರಾದರೂ ಬಂದರೇ ಎಂದು ನೋಡಲು ಆಗಾಗ ರಿಫ್ರೆಶ್ ಒತ್ತುತ್ತಾ ಕೂತೆ.